ನಕ್ಕವರೇ ಝೆರಾಕ್ಸ್ ಕೇಳಿದ ಹಾಳೆ

ಸಿಂಧನೂರಿನಲ್ಲಿ ಮಕ್ಕಳ ದವಾಖಾನೆ ತೆರೆದ ಮೊದಲ ವರ್ಷಗಳಲ್ಲಿ ಎಚ್‌ಐವಿ ಸೋಂಕಿದ ಮಕ್ಕಳು ಎದುರಿಗೇ ಕುಳಿತಿದ್ದರೂ ನಾನು ಗುರುತಿಸಲಿಲ್ಲ. ಭೇದಿಗೊಂದು ಚೀಟಿ, ಕೆಮ್ಮಿಗೊಂದು, ಬಾಯಿಯ ಬಿಳಿ ಪದರಕ್ಕೆ ಇನ್ನೊಂದು ಬರೆದುಕೊಡುತ್ತಿದ್ದೆ. ತಾಯಂದಿರು ಚೀಟಿ ಕಳೆಯುತ್ತಿದ್ದರು, ನಾನು ಮರೆಯುತ್ತಿದ್ದೆ. ಕೊನೆಗೆ ಪ್ರತಿ ಮಗುವಿನ ಹೆಸರಿನಲ್ಲಿ ಒಂದೊಂದು ಹಾಳೆಯನ್ನು ನನ್ನಲ್ಲೇ ಇಟ್ಟುಕೊಂಡು, ತೂಕ, ಬಾಯಿ, ದುಗ್ಧರಸ ಗ್ರಂಥಿ, ಗುಲ್ಮ (ಸ್ಪ್ಲೀನ್), ಕೆನ್ನೆಗಳನ್ನು ಪ್ರತಿ ಭೇಟಿಯಲ್ಲೂ ನೋಡಿ ಬರೆಯತೊಡಗಿದೆ.

ನಮ್ಮ ಕಡೆ ಸೊರಗಿದ ಮಕ್ಕಳೆಲ್ಲರೂ ಆ ಹಾಳೆಗೆ ಹತ್ತುತ್ತಾರೆಂದು ಗೆಳೆಯರು ನಕ್ಕರು. ಮೊದಲ ವರ್ಷ ಅವರ ಮಾತೇ ನಿಜವಾಯಿತು: ಸುಮಾರು ಮೂವತ್ತು ಮಕ್ಕಳನ್ನು ತಾಯಂದಿರೊಡನೆ ಸರ್ಕಾರಿ ಎಚ್‌ಐವಿ ಪರೀಕ್ಷಾ ಕೇಂದ್ರವಾದ ಐಸಿಟಿಸಿಗೆ ಕಳುಹಿಸಿದರೆ ಸೋಂಕು ಕಂಡದ್ದು ಇಬ್ಬರಲ್ಲಿ. ನಾಟಿಯ ಕೂಲಿ ಬಿಟ್ಟು ಹೋದವರಿಗೆ ತಲಾ ಮುನ್ನೂರು ರೂಪಾಯಿಯಷ್ಟು ನಾನೇ ಕೊಟ್ಟಿದ್ದರಿಂದ ಹತ್ತಿರ ಹತ್ತಿರ ಒಂಬತ್ತು ಸಾವಿರ ಕೈಬಿಟ್ಟಿತು. ತೂಕ ಮತ್ತು ಭೇದಿಯನ್ನಷ್ಟೇ ನಂಬಿದ್ದು ನನ್ನ ತಪ್ಪು. ಎರಡು ತಿಂಗಳ ವಯಸ್ಸು ದಾಟಿದ ಮೇಲೂ ಮದ್ದು ನಿಲ್ಲಿಸಿದೊಡನೆ ಮರಳುವ ಬಾಯಿಯ ಬಿಳಿ ಪದರ, ಮಂಗನಬಾವಿನ ಹಾಗಲ್ಲದೆ, ನೋವಿಲ್ಲದೆ ತಿಂಗಳುಗಟ್ಟಲೆ ಉಳಿಯುವ ಕೆನ್ನೆಬಾವು, ಮಗುವಿಗೆ ಬಂದ ಸರ್ಪಸುತ್ತು, ಇವಕ್ಕೆ ಹೆಚ್ಚು ಬೆಲೆ ಕೊಟ್ಟ ಮೇಲೆ ಕಳುಹಿಸಿದ ಹದಿನೈದರಲ್ಲಿ ಆರೇಳು ಮಕ್ಕಳಲ್ಲಿ ಸೋಂಕು ಖಚಿತವಾಯಿತು. ಕೆನ್ನೆಬಾವನ್ನು ಕಿವಿಯಿಂದ ಕಿವಿಗೆ ದಾರ ಹಿಡಿದು ಅಳೆಯಲೂ ನೋಡಿದೆ. ಮಗು ಅತ್ತರೆ ಅಳತೆಯೇ ಬದಲಾಗುತ್ತಿದ್ದುದರಿಂದ ಬಿಟ್ಟೆ.

ಎರಡು ಸೋಲುಗಳು ಇಂದಿಗೂ ಚುಚ್ಚುತ್ತವೆ. ಎಕ್ಸ್‌ರೇಯಲ್ಲಿ ರಾಗಿ ಚೆಲ್ಲಿದಂತಿದ್ದ ಚುಕ್ಕೆಗಳನ್ನು ಕ್ಷಯವೆಂದು ಬಗೆದು ಒಬ್ಬ ಹುಡುಗನಿಗೆ ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದೆ; ಬೆರಳ ತುದಿ ಉಬ್ಬಿ ದುಂಡಗಾಗುವ ಕ್ಲಬ್ಬಿಂಗ್ ಮತ್ತು ಕೆನ್ನೆಬಾವನ್ನು ಜೊತೆಗಿಟ್ಟು ನೋಡಿದ್ದರೆ ಎಲ್‌ಐಪಿ (ಎಚ್‌ಐವಿ ಸೋಂಕಿದ ಮಕ್ಕಳಲ್ಲಿ ಕಾಣುವ ಒಂದು ಶ್ವಾಸಕೋಶದ ಉರಿಯೂತ) ಎಂದು ಮೊದಲೇ ಹೊಳೆಯುತ್ತಿತ್ತು. ಇನ್ನೊಂದು, ಏಳು ತಿಂಗಳ ಕೂಸಿನದು. ತಾಯಿಯ ಪ್ರತಿಕಾಯಗಳು ಕೂಸಿನಲ್ಲಿ 18 ತಿಂಗಳವರೆಗೂ ಉಳಿಯಬಹುದೆಂದು ತಿಳಿದಿದ್ದೂ, ಪ್ರತಿಕಾಯ ಪರೀಕ್ಷೆಯ ವರದಿಯನ್ನೇ ಹಿಡಿದು ಮನೆಯವರಿಗೆ ಸೋಂಕಿದೆ ಎಂದುಬಿಟ್ಟೆ. ವೈರಾಣುವನ್ನೇ ಹುಡುಕುವ ಪಿಸಿಆರ್‌ನಲ್ಲಿ ಸೋಂಕಿಲ್ಲವೆಂದು ಬರುವಷ್ಟರಲ್ಲಿ ತಾಯಿಯನ್ನು ತವರಿಗೆ ಅಟ್ಟಿದ್ದರು. ಆರು ವಾರಕ್ಕೇ ರಕ್ತದ ಒಣ ಚುಕ್ಕೆಯನ್ನು ಆ ಪರೀಕ್ಷೆಗೆ ಕಳುಹಿಸುವ ಸೌಲಭ್ಯ ಬಂದ ಮೇಲೆ ಅಂಥ ಅವಸರ ಮಾಡಿಲ್ಲ.

ತಾಯಿಯ ಎದುರು ಪರೀಕ್ಷೆಯ ಮಾತನ್ನು ಹೇಗೆ ತೆಗೆಯುತ್ತೇನೆಂಬುದನ್ನು ಮಾತ್ರ ಬರೆಯಲಾರೆ. ಬರೆದರೆ ಅತ್ತೆಯರಿಗೂ ತಿಳಿದೀತು.

ಮೂರರಿಂದ ಆರು ತಿಂಗಳ ಕೂಸು ಏದುಸಿರು ಬಿಡುತ್ತಿದ್ದು, ಆಮ್ಲಜನಕ ಇಳಿಯುತ್ತಿದ್ದರೂ ಸ್ಟೆತಸ್ಕೋಪಿಗೆ ಹೆಚ್ಚೇನೂ ಕೇಳಿಸದಿದ್ದರೆ, ಈಗ ನ್ಯುಮೋಸಿಸ್ಟಿಸ್ ಎಂಬ ಶಿಲೀಂಧ್ರದ ನ್ಯುಮೋನಿಯಾ ಎಂದೇ ಬಗೆದು, ವರದಿಗೆ ಕಾಯದೆ ಅದರ ಮದ್ದಾದ ಕೋಟ್ರೈಮಾಕ್ಸಜೋಲ್ ಅನ್ನು ಹೆಚ್ಚಿನ ಪ್ರಮಾಣದಲ್ಲಿ ಆರಂಭಿಸಿಯೇ ರಾಯಚೂರಿಗೆ ಕಳುಹಿಸುತ್ತೇನೆ. ಹಾಗೆ ಹೋದ ಮೂರು ಕೂಸುಗಳಲ್ಲಿ ಎರಡು ಉಳಿದವು. ಹಾಳೆಯ ಝೆರಾಕ್ಸ್ ಕೇಳಿಕೊಂಡು ನಕ್ಕ ಗೆಳೆಯರೇ ಬಂದದ್ದು ಅದಾದ ಮೇಲೆ.