ಜೋರಾಗಿ ಕೇಳುವವರಿಗೇ ಮೊದಲ ಕಂತಲ್ಲ: ಬ್ರಿಟನ್ನಿನಲ್ಲಿ ಸಾಲವನ್ನು ನೀವೇ ಹೊಂದಿಸಿ ತೀರಿಸುವ ಬಗೆ

ಕಂತು ತಪ್ಪಿದ ವಾರದಿಂದ ಕ್ರೆಡಿಟ್ ಕಾರ್ಡಿನವರ ಫೋನು ನಿಲ್ಲುವುದಿಲ್ಲ. ಕೌನ್ಸಿಲ್‌ನವರು, ಅಂದರೆ ಸ್ಥಳೀಯ ಆಡಳಿತದವರು, ಮಾತ್ರ ಒಂದು ಕಾಗದ ಕಳಿಸಿ ಸುಮ್ಮನಿರುತ್ತಾರೆ. ಹಾಗಾಗಿ ಕೈಯಲ್ಲಿದ್ದ ದುಡ್ಡೆಲ್ಲ ಕಾರ್ಡಿಗೆ ಹೋಗುತ್ತದೆ. ಲೆಕ್ಕ ತಪ್ಪುವುದು ಇಲ್ಲೇ. ಕಾರ್ಡಿನ ಬಾಕಿಗೆ ಕ್ರೆಡಿಟ್ ಫೈಲ್ (ಸಾಲ ಕಟ್ಟಿದ, ತಪ್ಪಿದ ದಾಖಲೆ) ಕೆಡುತ್ತದೆ, ಮುಂದೆಂದೋ ಕೋರ್ಟಿನ ಕಾಗದ ಬರಬಹುದು. ಕೌನ್ಸಿಲ್ ಟ್ಯಾಕ್ಸ್, ಅಂದರೆ ಕೌನ್ಸಿಲ್ಲಿಗೆ ಕಟ್ಟುವ ಮನೆ ತೆರಿಗೆ, ಹಾಗಲ್ಲ. ಇಂಗ್ಲೆಂಡಿನಲ್ಲಿ ಕಂತು ತಪ್ಪಿಸಿ ನೆನಪೋಲೆಗೂ ಸುಮ್ಮನಿದ್ದರೆ ವರ್ಷದ ಉಳಿದ ತೆರಿಗೆಯನ್ನೆಲ್ಲ ಒಟ್ಟಿಗೆ ಕೇಳುತ್ತಾರೆ. ಆಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಆದೇಶ, ಅದರ ಹಿಂದೆಯೇ ಬೇಲಿಫ್, ಅಂದರೆ ನಮ್ಮ ಕಡೆಯ ಅಮೀನ.

ಆದ್ದರಿಂದ ಮೊದಲು ಸಾಲಗಳನ್ನು ಎರಡು ಪಟ್ಟಿ ಮಾಡಿ. ಮೊದಲ ಪಟ್ಟಿಯಲ್ಲಿ ಬಾಡಿಗೆ ಅಥವಾ ಮಾರ್ಟ್‌ಗೇಜ್, ಕೌನ್ಸಿಲ್ ಟ್ಯಾಕ್ಸ್, ಗ್ಯಾಸ್ ಮತ್ತು ಕರೆಂಟು, ಕೋರ್ಟಿನ ದಂಡ, ಆದಾಯ ತೆರಿಗೆ, ಟಿವಿ ಲೈಸೆನ್ಸ್. ಕೆಲಸಕ್ಕೆ ಕಾರು ಬೇಕೇಬೇಕು ಅನ್ನುವವರಿಗೆ ಅದರ ಹೈರ್ ಪರ್ಚೇಸ್ ಕಂತೂ ಇಲ್ಲೇ. ಎರಡನೆಯದರಲ್ಲಿ ಕ್ರೆಡಿಟ್ ಕಾರ್ಡು, ಪರ್ಸನಲ್ ಲೋನ್, ಓವರ್‌ಡ್ರಾಫ್ಟ್, ಕ್ಯಾಟಲಾಗ್ ಕಂಪನಿಯಿಂದ ಸಾಲದಲ್ಲಿ ಕೊಂಡದ್ದು, ಸ್ನೇಹಿತರ ಕೈಸಾಲ. ಮೊದಲ ಪಟ್ಟಿಯ ಬಾಕಿಗೆ ಒಪ್ಪಂದವಾಗುವವರೆಗೂ ಎರಡನೆಯದಕ್ಕೆ ದೊಡ್ಡ ಮೊತ್ತ ಕೊಡಬೇಡಿ. ಊರಿಂದ ಬಂದ ಅಪ್ಪ ಅಮ್ಮನಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಚಿಕಿತ್ಸೆಯಾಗಿ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಬಿಲ್ಲು ಬಂದಿದ್ದರೆ ಅದನ್ನೂ ಮೊದಲ ಪಟ್ಟಿಗೆ ಸೇರಿಸಿ: 500 ಪೌಂಡ್ ಅಥವಾ ಹೆಚ್ಚು ಬಾಕಿ ಉಳಿದರೆ ಅವರ ಮುಂದಿನ ವೀಸಾ ಅರ್ಜಿಯನ್ನು ಅದೇ ಕಾರಣಕ್ಕೆ ತಿರಸ್ಕರಿಸಬಹುದು.

ಕಂತು ಇಳಿಸಿ ಎಂದು ಎರಡನೆಯ ಪಟ್ಟಿಯವರಿಗೆ ಪತ್ರ ಬರೆಯುವ ಮುಂಚೆ ಬ್ಯಾಂಕ್ ಖಾತೆ ನೋಡಿಕೊಳ್ಳಿ. ಸಂಬಳ ಬೀಳುವ ಬ್ಯಾಂಕಿನಲ್ಲೇ ನಿಮ್ಮ ಕಾರ್ಡೋ ಓವರ್‌ಡ್ರಾಫ್ಟೋ ಇದ್ದರೆ, ಬಾಕಿಗೆಂದು ಸಂಬಳದಿಂದಲೇ ಮುರಿದುಕೊಳ್ಳುವ ಹಕ್ಕು ಅವರಿಗಿದೆ. ಸಾಲವೇ ಇಲ್ಲದ ಬೇರೊಂದು ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್ ಇಲ್ಲದ ಬೇಸಿಕ್ ಖಾತೆ ತೆರೆದು ಸಂಬಳವನ್ನು ಅಲ್ಲಿಗೆ ತಿರುಗಿಸಿ. ಬ್ಯಾಂಕುಗಳ 7 ಕೆಲಸದ ದಿನದ ಸ್ವಿಚ್ ಸೇವೆ ಮಾತ್ರ ಬಳಸಬೇಡಿ, ಅದು ಕಂಪನಿಗಳು ತಾವೇ ಹಣ ಎಳೆದುಕೊಳ್ಳುವ ಹಳೆಯ ಡೈರೆಕ್ಟ್ ಡೆಬಿಟ್‌ಗಳನ್ನೆಲ್ಲ ಹೊಸ ಖಾತೆಗೆ ಎಳೆದು ತರುತ್ತದೆ.

ಇನ್ನು ಆದಾಯ-ಖರ್ಚಿನ ಪಟ್ಟಿ. ಇದಕ್ಕೆ ಇಲ್ಲಿ ಸ್ಟ್ಯಾಂಡರ್ಡ್ ಫೈನಾನ್ಶಿಯಲ್ ಸ್ಟೇಟ್‌ಮೆಂಟ್ ಎಂಬ ನಮೂನೆಯಿದೆ. ಸ್ಟೆಪ್‌ಚೇಂಜ್, ನ್ಯಾಷನಲ್ ಡೆಟ್‌ಲೈನ್, ಸಿಟಿಜನ್ಸ್ ಅಡ್ವೈಸ್ ಸಂಸ್ಥೆಗಳು ದುಡ್ಡು ತೆಗೆದುಕೊಳ್ಳದೆ ಇದನ್ನು ತುಂಬಲು ನೆರವಾಗುತ್ತವೆ. ನಮ್ಮವರು ಎಡವುವುದು ವರ್ಷಕ್ಕೊಮ್ಮೆ ಬರುವ ಖರ್ಚಿನಲ್ಲಿ: ಕಾರಿನ ಎಂಒಟಿ (ವಾರ್ಷಿಕ ತಪಾಸಣೆ) ಮತ್ತು ವಿಮೆ, ಮಕ್ಕಳ ಯೂನಿಫಾರಂ, ಕನ್ನಡಕ. ಎಲ್ಲವನ್ನೂ ಹನ್ನೆರಡರಿಂದ ಭಾಗಿಸಿ ತಿಂಗಳ ಲೆಕ್ಕಕ್ಕೆ ಹಾಕಿ. ಊರಿಗೆ ಕಳಿಸುವ ಹಣವನ್ನೂ ಬೆಂಗಳೂರಿನ ಚೀಟಿಯ ಕಂತನ್ನೂ ಮುಚ್ಚಿಡಬೇಡಿ. ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದ ದಿನ ಅದು ಹೇಗೂ ಕಾಣುತ್ತದೆ. ತಂದೆಯ ಔಷಧಿಗೆ ಕಳಿಸುವ 80 ಪೌಂಡನ್ನು ಕಾರಣ ಸಮೇತ ಬರೆದರೆ ಒಪ್ಪುವ ಸಾಧ್ಯತೆ ಇದೆ. ಚೀಟಿಯನ್ನು ಮಾತ್ರ ಉಳಿತಾಯವೆಂದೇ ಎಣಿಸುತ್ತಾರೆ, ವಾದ ಮಾಡಿ ಫಲವಿಲ್ಲ. ನಮೂನೆಯಲ್ಲಿ ಉಳಿತಾಯಕ್ಕೆ ಬಿಡುವುದು ಉಳಿಕೆಯ ಶೇ. 10, ಅದೂ ತಿಂಗಳಿಗೆ ಹೆಚ್ಚೆಂದರೆ 20 ಪೌಂಡ್.

ಈಗ ಹಂಚಿಕೆ. ಎಲ್ಲ ಖರ್ಚು ಕಳೆದು ತಿಂಗಳಿಗೆ 133 ಪೌಂಡ್ ಉಳಿಯಿತು ಎನ್ನಿ. 13 ಉಳಿತಾಯಕ್ಕೆ ಹೋಗಿ 120 ಸಾಲಕ್ಕೆ. ಲೋನ್ 6,000, ಕಾರ್ಡ್ 4,200, ಓವರ್‌ಡ್ರಾಫ್ಟ್ 1,800, ಒಟ್ಟು 12,000. ಒಬ್ಬೊಬ್ಬರ ಬಾಕಿಯನ್ನು ಒಟ್ಟು ಸಾಲದಿಂದ ಭಾಗಿಸಿ 120ರಿಂದ ಗುಣಿಸಿದರೆ ಲೋನಿಗೆ 60, ಕಾರ್ಡಿಗೆ 42, ಓವರ್‌ಡ್ರಾಫ್ಟ್‌ಗೆ 18. ಸಾಲಕ್ಕೆ ತಕ್ಕ ಪಾಲು. ಯಾರಿಗೂ ಒಂದು ಪೌಂಡ್ ಹೆಚ್ಚು ಕೊಡಬೇಡಿ, ಕೊಟ್ಟಿರೋ, ಉಳಿದವರಿಗೆ ತಕರಾರು ತೆಗೆಯಲು ದಾರಿ ಸಿಕ್ಕಿತು.

ಇದೇ ಲೆಕ್ಕದ ಇನ್ನೊಂದು ಮುಖ ನೋಡಿ. ಕಾರ್ಡಿನ ಬಡ್ಡಿ ವರ್ಷಕ್ಕೆ ಶೇ. 24 ಆದರೆ 4,200ಕ್ಕೆ ತಿಂಗಳ ಬಡ್ಡಿಯೇ 84 ಪೌಂಡ್. ನೀವು ಕಟ್ಟುವುದು 42. ಅಂದರೆ ತಪ್ಪದೆ ಕಟ್ಟುತ್ತಲೇ ಸಾಲ ಬೆಳೆಯುತ್ತದೆ. ಆದ್ದರಿಂದ ಪತ್ರದಲ್ಲಿ ಕಂತಿನ ಮೊತ್ತಕ್ಕಿಂತ ಮುಖ್ಯವಾದ ಸಾಲು ‘ಬಡ್ಡಿ ಮತ್ತು ದಂಡ ಶುಲ್ಕ ನಿಲ್ಲಿಸಿ’ ಎಂಬುದು. ಖಾತೆ ಸಂಖ್ಯೆ, ತೊಂದರೆಯ ಕಾರಣ ಎರಡೇ ವಾಕ್ಯದಲ್ಲಿ, ಆದಾಯ-ಖರ್ಚಿನ ಪಟ್ಟಿ, ಯಾರಿಗೆ ಎಷ್ಟು ಎಂಬ ಹಂಚಿಕೆ, 6 ತಿಂಗಳಿಗೆ ಮರುಪರಿಶೀಲನೆ: ಪತ್ರದಲ್ಲಿ ಇಷ್ಟಿದ್ದರೆ ಸಾಕು. ಗೋಳು ತೋಡಿಕೊಳ್ಳುವುದು ಬೇಡ. ಇಮೇಲ್ ಅಥವಾ ಪತ್ರದಲ್ಲೇ ವ್ಯವಹರಿಸಿ, ಪ್ರತಿ ಇಟ್ಟುಕೊಳ್ಳಿ.

ಒಪ್ಪಿಗೆಗೆ ಕಾಯದೆ ಮೊದಲ ತಿಂಗಳಿಂದಲೇ ಕಟ್ಟಲು ಶುರು ಮಾಡಿ. ಸ್ಟ್ಯಾಂಡಿಂಗ್ ಆರ್ಡರ್ ಹಾಕಿ, ಡೈರೆಕ್ಟ್ ಡೆಬಿಟ್ ಬೇಡ. ಮೊದಲನೆಯದರಲ್ಲಿ ಮೊತ್ತ ನಿಮ್ಮ ಕೈಯಲ್ಲಿರುತ್ತದೆ, ಎರಡನೆಯದರಲ್ಲಿ ಅವರ ಕೈಯಲ್ಲಿ. ಯಾರಾದರೂ ಒಪ್ಪದಿದ್ದರೆ ಕಂತು ನಿಲ್ಲಿಸಬೇಡಿ. ಉಳಿದವರು ಒಪ್ಪಿದ ಪತ್ರಗಳ ಪ್ರತಿಯೊಂದಿಗೆ ಮತ್ತೆ ಬರೆಯಿರಿ. ಆಗಲೂ ಹಟ ಹಿಡಿದರೆ ಲಿಖಿತ ದೂರು ಕೊಡಿ. 8 ವಾರದಲ್ಲಿ ಸರಿಯಾದ ಉತ್ತರ ಬರದಿದ್ದರೆ ಹಣಕಾಸು ದೂರುಗಳನ್ನು ತೀರ್ಮಾನಿಸುವ ಫೈನಾನ್ಶಿಯಲ್ ಆಂಬುಡ್ಸ್‌ಮನ್ ಬಳಿ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ಸಾಲವನ್ನು ಬೇರೆ ಕಂಪನಿಗೆ ಮಾರಿದ್ದೇವೆಂದು ಪತ್ರ ಬಂದರೆ, ಹಳೆಯ ಬ್ಯಾಂಕಿನಿಂದ ಖಚಿತಪಡಿಸಿಕೊಂಡ ಮೇಲೆಯೇ ಸ್ಟ್ಯಾಂಡಿಂಗ್ ಆರ್ಡರ್ ಬದಲಿಸಿ.

ಕ್ರೆಡಿಟ್ ಫೈಲ್‌ನ ವಿಷಯದಲ್ಲಿ ಎಷ್ಟೋ ಜನ ತಿರುಗುಮುರುಗಾಗಿ ಯೋಚಿಸುತ್ತಾರೆ. ‘ಡೀಫಾಲ್ಟ್’ (ಒಪ್ಪಂದದಂತೆ ಕಟ್ಟದೆ ತಪ್ಪಿದ ಖಾತೆ) ಎಂದು ದಾಖಲಾದ ದಿನದಿಂದ 6 ವರ್ಷಕ್ಕೆ ಆ ಖಾತೆ ಫೈಲಿನಿಂದ ಹೋಗುತ್ತದೆ, ಸಾಲ ಪೂರ್ತಿ ತೀರಿರಲಿ ಬಿಡಲಿ. ಡೀಫಾಲ್ಟ್ ಮಾಡದೆ ‘ಕಡಿಮೆ ಕಂತಿನ ಒಪ್ಪಂದ’ ಎಂದಷ್ಟೇ ಗುರುತು ಹಾಕಿದರೆ ಆ 6 ವರ್ಷದ ಎಣಿಕೆ ಶುರುವೇ ಆಗುವುದಿಲ್ಲ. ಮೇಲಿನ ಲೆಕ್ಕದಲ್ಲಿ ಬಡ್ಡಿ ನಿಂತರೂ ಸಾಲ ತೀರಲು 100 ತಿಂಗಳು ಬೇಕು. ಹಾಗಿರುವಾಗ ಡೀಫಾಲ್ಟ್ ಬೇಗ ಬೀಳುವುದೇ ಮೇಲು.

ಕೋರ್ಟಿನ ಕಾಗದಕ್ಕೆ ಹೆದರಿ ಲಕೋಟೆ ಒಡೆಯದಿರುವುದು ಎಲ್ಲಕ್ಕಿಂತ ದುಬಾರಿ ತಪ್ಪು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದಾವೆ ಹೂಡುವ ಮುನ್ನ ಬರುವ ಪತ್ರಕ್ಕೆ ಉತ್ತರಿಸಲು 30 ದಿನ ಇರುತ್ತದೆ. ದಾವೆಯೇ ಬಂದರೆ 14 ದಿನ. ಸಾಲ ನಿಜವೇ ಆಗಿದ್ದರೆ ಎನ್9ಎ ಎಂಬ ಫಾರಂನಲ್ಲಿ ಅದೇ 42 ಪೌಂಡಿನ ಕಂತನ್ನು ಬರೆದು ದಾವೆ ಹೂಡಿದವರಿಗೆ ಕಳಿಸಿ. ಸುಮ್ಮನಿದ್ದರೆ ನಿಮ್ಮ ಮಾತು ಕೇಳದೆಯೇ ತೀರ್ಪಾಗುತ್ತದೆ, ಇಡೀ ಮೊತ್ತ ಕೂಡಲೇ ಕಟ್ಟಿ ಎಂದು. ಎಲ್ಲರೂ ಒಟ್ಟಿಗೆ ಮೇಲೆ ಬಿದ್ದಿದ್ದರೆ, 2021ರ ಮೇ 4ರಿಂದ ಜಾರಿಯಲ್ಲಿರುವ ‘ಬ್ರೀದಿಂಗ್ ಸ್ಪೇಸ್’ 60 ದಿನ ಬಡ್ಡಿಯನ್ನೂ ವಸೂಲಿಯನ್ನೂ ತಡೆಯುತ್ತದೆ. ಇದನ್ನು ನೀವೇ ಹಾಕಿಕೊಳ್ಳಲಾಗದು, ಸಾಲ ಸಲಹೆಗಾರರ ಮೂಲಕವೇ ಹೋಗಬೇಕು. ಸ್ಕಾಟ್ಲೆಂಡಿನಲ್ಲಿರುವವರು ಕಾನೂನಿನ ಬಲವಿರುವ ಡೆಟ್ ಅರೇಂಜ್‌ಮೆಂಟ್ ಸ್ಕೀಮ್ ಅನ್ನು ಮೊದಲು ವಿಚಾರಿಸಿ, ಅಲ್ಲಿ ಬಡ್ಡಿ ನಿಲ್ಲಿಸುವುದು ಸಾಲ ಕೊಟ್ಟವರ ಮರ್ಜಿಗೆ ಬಿಟ್ಟದ್ದಲ್ಲ.

‘ಎಲ್ಲ ಬಿಟ್ಟು ಊರಿಗೆ ಹೋದರಾಯಿತು’ ಎಂಬ ಮಾತು ಕೇಳಿಬರುತ್ತದೆ. ಭಾರತದ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ಬ್ರಿಟನ್ನಿನ ಹೈಕೋರ್ಟಿನ ಡಿಕ್ರಿಯನ್ನು ನಮ್ಮ ಜಿಲ್ಲಾ ನ್ಯಾಯಾಲಯದಲ್ಲೇ ಜಾರಿ ಮಾಡಿಸಬಹುದು. ಹೊರಡಲೇಬೇಕಾಗಿ ಬಂದರೆ ಊರಿನ ವಿಳಾಸ ಕೊಟ್ಟು, ರೂಪಾಯಿ ಸಂಬಳಕ್ಕೆ ತಕ್ಕ ಹೊಸ ಪಟ್ಟಿ ಕಳಿಸಿ, ಕಂತು ಇಳಿಸಿಕೊಳ್ಳಿ. ಹಳೆಯ ವಿಳಾಸಕ್ಕೇ ನೋಟಿಸು ಹೋಗುತ್ತಿದ್ದರೆ ತೀರ್ಪು ಬಂದದ್ದೂ ನಿಮಗೆ ತಿಳಿಯುವುದಿಲ್ಲ.