ಮಗುವನ್ನು ಬೆನ್ನಿಗೆ ಹಾಕಿಕೊಂಡು ಚಾರಣ ಹೋಗುವವರಿಗೆ

ಕತ್ತು ನಿಂತು, ಆಸರೆಯಿಲ್ಲದೆ ಕೂರುವ ಮಗುವಿಗೆ ಮಾತ್ರ ಫ್ರೇಮ್ ಇರುವ ಕ್ಯಾರಿಯರ್ (ಮಗುವನ್ನು ಕೂರಿಸಿ ಬೆನ್ನಿಗೆ ಹಾಕಿಕೊಳ್ಳುವ ಚೀಲ). ಅದೇ ಸುಮಾರು 3 ಕೆಜಿ, ಒಂದೂವರೆ ವರ್ಷದ ಮಗು 10 ಕೆಜಿ, ನೀರು, ಡೈಪರ್ ಸೇರಿದರೆ 15ರ ಹತ್ತಿರ. ಮೊದಲು ಸೊಂಟದ ಬೆಲ್ಟನ್ನು ಮೂಳೆಯ ಮೇಲೆ ಕೂರಿಸಿ ಬಿಗಿ ಮಾಡಿ, ಆಮೇಲೆ ಭುಜದ ಪಟ್ಟಿ ಎಳೆಯಿರಿ. ಉಲ್ಟಾ ಮಾಡಿದರೆ ಭಾರವೆಲ್ಲ ಹೆಗಲಿಗೆ ಬಿದ್ದು ಬೇಗ ಕತ್ತು ಹಿಡಿಯುತ್ತೆ.

ಹೆಚ್ಚಿನವರು ಮರೆಯುವುದು ಚಳಿ. ಕೊಡಚಾದ್ರಿಯಂಥ ಕಡೆ ಬೀಸುವ ಗಾಳಿಗೆ, ನೀವು ಬೆವರುತ್ತಿದ್ದರೂ ಅಲ್ಲಾಡದೆ ಕೂತ ಮಗು ತಣ್ಣಗಾಗುತ್ತಿರುತ್ತೆ. ಕೈ ಮುಟ್ಟಿದರೆ ಗೊತ್ತಾಗಲ್ಲ, ಕತ್ತಿನ ಹಿಂಭಾಗ ಮುಟ್ಟಿ. ತಣ್ಣಗಿದ್ದರೆ ಒಂದು ಪದರ ಹೆಚ್ಚು, ಬೆವರಿದ್ದರೆ ಒಂದು ಕಡಿಮೆ. 40 ನಿಮಿಷಕ್ಕೊಮ್ಮೆ ಕೆಳಗಿಳಿಸಿ. ಕಾಲು ಜೋತುಬಿದ್ದು ಜೋಮು ಹಿಡಿದಿರುತ್ತೆ. ನಿದ್ದೆ ಬಂದಿದೆ ಅಂತ ಬಿಡಬೇಡಿ, ತಲೆ ವಾಲಿ ಗದ್ದ ಎದೆಗೆ ತಾಗಿದರೆ ಉಸಿರಿಗೆ ತೊಂದರೆ.

ಅಡ್ಡ ಕೊಂಬೆ ಸಿಕ್ಕಾಗ ಸೊಂಟ ಬಗ್ಗಿಸಬೇಡಿ, ಮಗು ಮುಂದಕ್ಕೆ ವಾಲುತ್ತೆ. ಮಂಡಿ ಮಡಚಿ ತಗ್ಗಿ. ಮಗುವಿನ ತಲೆ ನಿಮ್ಮದಕ್ಕಿಂತ ಮೇಲಿರಬಹುದು.

ಮಳೆಗಾಲದಲ್ಲಿ ಇಂಬಳ (ಜಿಗಣೆ) ಹತ್ತಿದರೆ ಉಪ್ಪು, ಬೆಂಕಿಕಡ್ಡಿ ಎರಡೂ ಬೇಡ. ಉಗುರನ್ನು ಚರ್ಮಕ್ಕೆ ಒತ್ತಿ ಅದರ ಬಾಯಿಯ ಕೆಳಗೆ ಜಾರಿಸಿ ಬಿಡಿಸಿ, ಸೋಪು ಹಾಕಿ ತೊಳೆದು, ಬಟ್ಟೆ ಒತ್ತಿ ಹಿಡಿಯಿರಿ. ರಕ್ತ ಸ್ವಲ್ಪ ಹೊತ್ತು ಜಿನುಗುವುದು ಮಾಮೂಲಿ.