ಏಕವಚನದ ಲೆಕ್ಕ ಇಟ್ಟ ಹನ್ನೊಂದು ತಿಂಗಳು

'ಪ್ರಬಲ ಜಾತಿ ಎಂದರೇನು? ಅದರ ಲಕ್ಷಣಗಳನ್ನು ವಿವರಿಸಿ.' ಸಮಾಜಶಾಸ್ತ್ರದ ಕ್ಲಾಸಿನಲ್ಲಿ ಹತ್ತು ಅಂಕದ ಈ ಪ್ರಶ್ನೆಗೆ ಒಂಬತ್ತು ವರ್ಷ ಒಂದೇ ನೋಟ್ಸ್ ಕೊಟ್ಟಿದ್ದೇನೆ. ಆಮೇಲೆ ಪಿಎಚ್‌ಡಿ ಕೆಲಸಕ್ಕೆ ಮಂಡ್ಯ ಜಿಲ್ಲೆಯ ಒಂದು ಊರಿಗೆ ಹೋದೆ. ಆ ನೋಟ್ಸು ಮೊದಲ ವಾರವೇ ಕೈಕೊಟ್ಟಿತು.

ಅರವತ್ತು ಪ್ರಶ್ನೆಗಳ ಪಟ್ಟಿಯನ್ನು ಜೆರಾಕ್ಸ್ ಮಾಡಿಸಿ ಕಟ್ಟಿಕೊಂಡು ಹೋಗಿದ್ದೆ. ಊರಲ್ಲಿ ಯಾವ ಜಾತಿಯವರ ಮಾತು ನಡೆಯುತ್ತದೆ, ಓಟು ಯಾರು ಹೇಳಿದಂತೆ ಬೀಳುತ್ತದೆ, ಹೀಗೆ. ಜಗಲಿ ಮೇಲೆ ಕೂರಿಸಿ ಕಾಫಿ ಕೊಟ್ಟು ಎಲ್ಲರೂ ಒಂದೇ ಉತ್ತರ ಕೊಟ್ಟರು. "ನಮ್ಮೂರಲ್ಲಿ ಜಾತಿಗೀತಿ ಎಲ್ಲಾ ಇಲ್ಲ ಮೇಡಂ, ಅಣ್ಣ ತಮ್ಮಂದಿರ ಥರ ಇದೀವಿ." ಹದಿನೈದು ಮನೆ ಆದ ಮೇಲೆ ಆ ಕಟ್ಟನ್ನು ಬ್ಯಾಗಿನ ತಳಕ್ಕೆ ಹಾಕಿದೆ. ಆಮೇಲೆ ತೆಗೆಯಲೇ ಇಲ್ಲ.

ನಾನು ತಲೆಯಲ್ಲಿ ಹೊತ್ತುಕೊಂಡು ಹೋಗಿದ್ದದ್ದು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರನ್ನು. ಅವರು 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಉಳಿದು ಅಧ್ಯಯನ ಮಾಡಿದರು. ಬರೆಯುವಾಗ ಅದಕ್ಕೆ ರಾಮಪುರ ಅಂತ ಹೆಸರಿಟ್ಟರು. ಇವತ್ತು ಟೀವಿಯಲ್ಲಿ ಗಂಟೆಗೊಂದು ಸಲ ಕೇಳುವ 'ವೋಟ್ ಬ್ಯಾಂಕ್' ಅನ್ನುವ ಮಾತು ಅವರ 1955ರ ಲೇಖನದಲ್ಲಿದೆ. ರಾಮಪುರದ ಪ್ರಬಲ ಜಾತಿಯ ಬಗ್ಗೆ 1959ರಲ್ಲಿ ಬರೆದರು. ಅಲ್ಲಿ ಒಕ್ಕಲಿಗರ ಕೈ ಮೇಲು. ಜನ ಜಾಸ್ತಿ, ಜಮೀನು ಜಾಸ್ತಿ, ಜಾತಿಯ ಏಣಿಯಲ್ಲಿ ತೀರಾ ಕೆಳಗಿನ ಮೆಟ್ಟಿಲೂ ಅಲ್ಲ. ಇದೆಲ್ಲ ನನಗೆ ಬಾಯಿಪಾಠ. ಆದರೆ ಕಣ್ಣೆದುರು ನಡೆಯುವಾಗ ಅದು ಹೇಗೆ ಕಾಣುತ್ತದೆ ಅನ್ನುವುದು ಗೊತ್ತಿರಲಿಲ್ಲ.

ಶ್ರೀನಿವಾಸ್ ಉಳಿದದ್ದು ಊರಿನ ಮುಖಂಡರ ಜಾಗದಲ್ಲಿ. ಹಾಗಾಗಿ ತಮಗೆ ಕಂಡದ್ದು ಮೇಲ್ಜಾತಿಯವರ ಊರು ಅಂತ ಅವರೇ ಆಮೇಲೆ ಒಪ್ಪಿಕೊಂಡಿದ್ದಾರೆ. ಇದನ್ನೂ ಪಾಠ ಮಾಡಿದ್ದೇನೆ! ಆದರೂ ನಾನು ಹೋಗಿ ಬಾಡಿಗೆ ರೂಮು ಹಿಡಿದದ್ದು ಮೇಲಿನ ಬೀದಿಯಲ್ಲಿ, ಪಂಚಾಯ್ತಿಯ ಮಾಜಿ ಸದಸ್ಯರೊಬ್ಬರ ಮನೆಯಲ್ಲಿ. ಹೆಣ್ಣುಮಗಳು ಒಬ್ಬಳೇ, ಸುಮ್ನೆ ಯಾಕೆ ರಿಸ್ಕು ಅಂತ. ದಲಿತರ ಕಾಲೋನಿಯ ಕಡೆ ಹೋದರೆ ಜನ ನಗುತ್ತಿದ್ದರು, ನೀರು ಕೊಡುತ್ತಿದ್ದರು, ಮಾತು ಮಾತ್ರ ಆಡುತ್ತಿರಲಿಲ್ಲ.

ದಾರಿ ಸಿಕ್ಕಿದ್ದು ಒಂದು ಬೆಳಿಗ್ಗೆ ಹಾಲಿನ ಡೇರಿ ಮುಂದೆ. ಮೇಲಿನ ಬೀದಿಯ ಹುಡುಗ, ಇಪ್ಪತ್ತೆರಡು ಇರಬಹುದು, ಅರವತ್ತು ದಾಟಿದ ಕಾಲೋನಿಯ ಅಜ್ಜನನ್ನು ಕೇಳಿದ: "ಏನ್ಲಾ, ಸೊಸೆ ಅವ್ಳಾ ಮನೇಲಿ?" ಅಜ್ಜ ಕ್ಯಾನು ಕೆಳಗಿಟ್ಟು, "ಅವ್ಳೆ ಬುದ್ದಿ" ಅಂದ. ಸೊಸೆ ಅಂದರೆ ಆಗ ಗ್ರಾಮ ಪಂಚಾಯ್ತಿಯ ಅಧ್ಯಕ್ಷೆ. ಆ ಅವಧಿಗೆ ಅಧ್ಯಕ್ಷ ಸ್ಥಾನ ಪರಿಶಿಷ್ಟ ಜಾತಿಯ ಮಹಿಳೆಗೆ ಮೀಸಲಾಗಿತ್ತು. ಅದೇ ದಿನ ಮಧ್ಯಾಹ್ನ ಪಂಚಾಯ್ತಿ ಆಫೀಸಿನಲ್ಲಿ ಅದೇ ಹುಡುಗ ಕಾಗದ ಹಿಡಿದು ನಿಂತಿದ್ದ. "ಅಧ್ಯಕ್ಷ್ರೆ, ಇಲ್ಲೊಂದ್ ಸೈನ್ ಹಾಕ್ಕೊಡಿ."

ಆರು ಗಂಟೆಯ ಅಂತರದಲ್ಲಿ ಒಂದೇ ಬಾಯಿಯಿಂದ ಎರಡು ವ್ಯಾಕರಣ. ಅವತ್ತು ರಾತ್ರಿಯೇ ಹೊಸ ನೋಟ್‌ಬುಕ್ ತೆಗೆದು ನಾಲ್ಕು ಗೆರೆ ಎಳೆದೆ. ಯಾರು, ಯಾರಿಗೆ, ಎಲ್ಲಿ, ಏನಂದರು. ಏಕವಚನಕ್ಕೆ 'ಏ', ಬಹುವಚನಕ್ಕೆ 'ಬ'.

ಆದರೆ ಬರೀ ಎಣಿಸಿದರೆ ಮೋಸ ಹೋಗುತ್ತೇವೆ. ಅಮ್ಮನನ್ನೂ ಏಕವಚನದಲ್ಲೇ ಕರೆಯುತ್ತೇವೆ, ದೇವರನ್ನೂ ಕರೆಯುತ್ತೇವೆ, ಚಡ್ಡಿ ದೋಸ್ತನನ್ನೂ. ಇಲ್ಲಿ ನೆರವಿಗೆ ಬಂದದ್ದು ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ 1960ರಲ್ಲಿ ಬರೆದ ಲೇಖನ. ಅವರು ನೋಡಿದ್ದು ಯುರೋಪಿನ ಭಾಷೆಗಳಲ್ಲಿ 'ನೀನು' ಮತ್ತು 'ನೀವು' ಹೇಗೆ ಬಳಕೆಯಾಗುತ್ತವೆ ಅಂತ. ಇಬ್ಬರೂ ಒಂದೇ ರೂಪ ಬಳಸಿದರೆ ಅದು ಸಲಿಗೆಯ ಲೆಕ್ಕ ಅಥವಾ ದೂರದ ಲೆಕ್ಕ. ಒಬ್ಬರು 'ನೀನು', ಇನ್ನೊಬ್ಬರು 'ನೀವು' ಅಂದರೆ ಅಲ್ಲಿ ಮೇಲು ಕೆಳಗು ಇದೆ. ಅಂದರೆ ಪ್ರತಿ ಮಾತಿಗೂ ತಿರುಗಿ ಬಂದ ಉತ್ತರ ಬರೆದುಕೊಳ್ಳಬೇಕು. ಐದನೇ ಗೆರೆ ಎಳೆದೆ.

ಎರಡು ತಿಂಗಳಿಗೆ ಇನ್ನೊಂದು ವಿಷಯ ಗಮನಕ್ಕೆ ಬಂತು. ಅಧ್ಯಕ್ಷೆ ಎದುರಿಗೆ ಬಂದಾಗ ಮೇಲಿನ ಬೀದಿಯ ದೊಡ್ಡವರು ಏಕವಚನವನ್ನೂ ಆಡುತ್ತಿರಲಿಲ್ಲ, ಬಹುವಚನವನ್ನೂ ಆಡುತ್ತಿರಲಿಲ್ಲ. "ಊಟ ಆಯ್ತಾ?" "ಎಲ್ಲಿಗೆ ಹೊರಟಿದ್ದು?" "ಮೀಟಿಂಗು ಯಾವಾಗ್ ಇಟ್ಟಿರೋದು?" ಊಟ ಮಾಡಿದ್ಯಾ ಅಂದರೆ ಕುರ್ಚಿಗೆ ಅವಮಾನ, ಮಾಡಿದ್ರಾ ಅಂದರೆ ಬೀದಿಯವರು ನಗುತ್ತಾರೆ. ಕನ್ನಡದಲ್ಲಿ ಈ ಎರಡರ ನಡುವೆ ಒಂದು ಓಣಿ ಇದೆ. ಕ್ರಿಯಾಪದದಿಂದ ಮನುಷ್ಯನನ್ನೇ ತೆಗೆದುಬಿಡುವುದು. ಅದಕ್ಕೆ 'ತ' ಅಂತ ಗುರುತು ಹಾಕಿದೆ, ತಪ್ಪಿಸಿಕೊಂಡದ್ದು ಅಂತ. ನನ್ನ ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಅಕ್ಷರ ಅದು.

ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ನಿಜವಾಗಿ ಅರ್ಥವಾದದ್ದೂ ಆಗಲೇ. ವರ್ಗ, ಅಂತಸ್ತು, ಪಕ್ಷ ಅಂತ ಅವರು ಮೂರಾಗಿ ಬಿಡಿಸುತ್ತಾರೆ. ಆ ಬರಹ ಅಚ್ಚಾದದ್ದು 1922ರಲ್ಲಿ, ಅವರು ತೀರಿಕೊಂಡ ಎರಡು ವರ್ಷಕ್ಕೆ. ಕ್ಲಾಸಿನಲ್ಲಿ ಮೂರು ಡಬ್ಬಿ ಬರೆದು ಮುಗಿಸುತ್ತಿದ್ದೆ. ಊರಿನ ಮಾತಲ್ಲಿ ಹೇಳಿದರೆ ಆಸ್ತಿ, ಮರ್ಯಾದೆ, ಅಧಿಕಾರ. ಒಂದು ಸಿಕ್ಕಿತು ಅಂತ ಇನ್ನೊಂದು ಜೊತೆಯಲ್ಲೇ ಬರಬೇಕಾಗಿಲ್ಲ. ಸೈನ್ ಹಾಕುವ ಅಧಿಕಾರ ಮೀಸಲಾತಿಯಿಂದ ಬಂದಿತ್ತು. ಮರ್ಯಾದೆ ಇನ್ನೂ ದಾರಿಯಲ್ಲಿತ್ತು. 'ತ' ಆ ದಾರಿಯ ಗುರುತು. ಆಫೀಸಿನ ಒಳಗೆ 'ಬ' ಜಾಸ್ತಿ, ಬಸ್ ಸ್ಟ್ಯಾಂಡಿನಲ್ಲಿ 'ತ', ಗದ್ದೆ ಬದುವಿನ ಮೇಲೆ ಮತ್ತೆ 'ಏ'.

ಮೈಯಂತೂ ಬಾಯಿಗಿಂತ ನಿಧಾನ. ಒಂದು ದಿನ ಪಿಡಿಒ ಆ ಅಜ್ಜನಿಗೆ "ಬನ್ನಿ, ಕೂತ್ಕಳಿ" ಅಂತ ಕುರ್ಚಿ ಎಳೆದು ಕೊಟ್ಟರು. ಅಜ್ಜ ನಕ್ಕು ಬಾಗಿಲ ಮೆಟ್ಟಿಲ ಮೇಲೆ ಕೂತ. ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯೆರ್ ಬೋರ್ಡ್ಯೂ ಇದನ್ನು ಹ್ಯಾಬಿಟಸ್ ಅನ್ನುತ್ತಾರೆ. ಮೈಗೆ ಹತ್ತಿದ ರೂಢಿ ಅನ್ನೋಣ. ಕೂರಬೇಡ ಅಂತ ಅವತ್ತು ಯಾರೂ ಹೇಳಿರಲಿಲ್ಲ.

ಎಡವಟ್ಟುಗಳೂ ಆದವು. ಏನು ಬರೆಯುತ್ತಿದ್ದೇನೆ ಅಂತ ಪಂಚಾಯ್ತಿಯಲ್ಲಿ ಮೊದಲೇ ಹೇಳಿದ್ದೆ, ಹೇಳದೆ ಬರೆಯುವುದು ಸರಿಯಲ್ಲ. ಅದು ಟೀ ಅಂಗಡಿಗೂ ಮುಟ್ಟಿ, ನಾನು ಹೋದ ಕೂಡಲೇ "ಮೇಡಂ ಬಂದ್ರು, ಬಹುವಚನ ಮಾತಾಡ್ರಪ್ಪೋ" ಅಂತ ಜೋಕು ಶುರುವಾಯಿತು. ಆ ಅಂಗಡಿಯ ಒಂದು ತಿಂಗಳ ಪುಟಗಳನ್ನು ಪೂರ್ತಿ ಬಿಟ್ಟೆ. ಡೇರಿಯೇ ವಾಸಿ. ಫ್ಯಾಟ್ ಎಷ್ಟು ಬರುತ್ತೋ ಅನ್ನುವ ಚಿಂತೆಯಲ್ಲಿ ನಾನು ಯಾರಿಗೂ ನೆನಪಿರುತ್ತಿರಲಿಲ್ಲ. ಇನ್ನೊಂದು, ಶ್ರೀನಿವಾಸ್ ಸಿದ್ಧಮಾಡಿಟ್ಟಿದ್ದ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಹೋಗಿ, ಅವರು ಆ ಊರಿನ ಬಗ್ಗೆ ನೆನಪಿನಿಂದ ಪುಸ್ತಕ ಬರೆಯಬೇಕಾಯಿತು. ನನಗೆ ಅಂಥ ನೆನಪಿನ ಶಕ್ತಿ ಇಲ್ಲ. ಪ್ರತಿ ಶನಿವಾರ ಪುಟಗಳ ಫೋಟೋ ತೆಗೆದು ತಂಗಿಗೆ ವಾಟ್ಸ್ಯಾಪ್ ಮಾಡುತ್ತಿದ್ದೆ.

ದೊಡ್ಡ ತಪ್ಪು ಮಾಡಿದ್ದು ಕಾಲೋನಿಯಲ್ಲಿ. ರೂಮು ಬದಲಾಯಿಸಿ ಅಂಗನವಾಡಿ ಪಕ್ಕಕ್ಕೆ ಬಂದ ಮೇಲೆ ಅಲ್ಲಿ ಮಾತು ಶುರುವಾಗಿತ್ತು. ಹೊಸದಾಗಿ ಮದುವೆಯಾದ ಒಬ್ಬ ಹುಡುಗ, ಹುಡುಗಿ ಒಬ್ಬರನ್ನೊಬ್ಬರು 'ನೀವು' ಅನ್ನುತ್ತಿದ್ದರು. ಖುಷಿಯಿಂದ ಪುಟದ ಬದಿಯಲ್ಲಿ 'ಸಂಸ್ಕೃತೀಕರಣ' ಅಂತ ಬರೆದೆ. ಕೆಳಗಿನವರು ಮೇಲಿನವರ ನಡೆನುಡಿ ಅನುಸರಿಸಿ ಮೇಲೇರಲು ನೋಡುತ್ತಾರೆ ಅನ್ನುವುದು ಶ್ರೀನಿವಾಸ್ ಅವರ ಹೆಸರಾದ ವಾದ. ಕೊನೆಗೆ ಆ ಹುಡುಗನನ್ನೇ ಕೇಳಿದೆ, ಮೇಲಿನ ಬೀದಿಯವರನ್ನು ನೋಡಿ ಕಲಿತದ್ದಾ ಅಂತ. ಅವನು ಜೋರಾಗಿ ನಕ್ಕ. "ಅವ್ರು ಹೆಂಡ್ತೀನ ಹೋಗೇ ಬಾರೇ ಅಂತಾರೆ ಮೇಡಂ. ನಾನು ಹಾಸ್ಟೆಲಲ್ಲಿ ಕಲ್ತಿದ್ದು. ಅಂಬೇಡ್ಕರ್ ಜಯಂತಿ ಭಾಷಣದಲ್ಲಿ ನಮ್ಮ ಸೀನಿಯರ್ ಹೇಳಿದ್ರು, ಮೊದ್ಲು ನಿಮ್ಮನ್ನ ನೀವೇ ಮರ್ಯಾದೆಯಾಗಿ ಕರ್ಕಳ್ಳಿ ಅಂತ."

ಏಣಿ ಹತ್ತುವುದು ಬೇರೆ, ಈ ಏಣಿಯೇ ಬೇಡ ಅನ್ನುವುದು ಬೇರೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಹಾಗಂತ ಅನುಕರಣೆಯ ವಾದವನ್ನೇ ಬಿಡುವ ಹಾಗೂ ಇರಲಿಲ್ಲ. ಅಂಬೇಡ್ಕರ್ 1916ರಲ್ಲಿ, ಅಂದರೆ ಶ್ರೀನಿವಾಸ್ ಹುಟ್ಟಿದ ವರ್ಷವೇ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ ಜಾತಿ ಹರಡಿದ್ದಕ್ಕೆ ಅನುಕರಣೆಯೂ ಒಂದು ಕಾರಣ ಅಂದಿದ್ದರು. ನಾನು ಕೇಳಬೇಕಿದ್ದದ್ದು ಯಾರನ್ನು ನೋಡಿ ಕಲಿತರು ಅಂತ. ಅದನ್ನು ಕೇಳದೆ ಉತ್ತರ ಬರೆದಿದ್ದೆ. ಬದಿಯ ಆ ಪದ ಹೊಡೆದು ಹಾಕಿ 'ಹಾಸ್ಟೆಲ್?' ಅಂತ ಬರೆದೆ. ನನ್ನ ಪಿಎಚ್‌ಡಿ ಪ್ರಬಂಧದಲ್ಲಿ ಅದು ಒಂದು ಅಧ್ಯಾಯವೇ ಆಯಿತು.

ಎರಡು ವರ್ಷ ಬಿಟ್ಟು ಆ ಊರಿಗೆ ಮತ್ತೆ ಹೋಗಿದ್ದೆ. ಅಧ್ಯಕ್ಷೆಯ ಅವಧಿ ಮುಗಿದಿತ್ತು, ಕುರ್ಚಿ ಬೇರೆಯವರದು. ಅಭ್ಯಾಸ ಬಿಡದೆ ಬೆಳಿಗ್ಗೆ ಡೇರಿ ಮುಂದೆ ನಿಂತೆ. ಮಾಜಿ ಅಧ್ಯಕ್ಷೆ ಕ್ಯಾನು ಹಿಡಿದು ಬಂದರು. ಸೈನ್ ಹಾಕಿಸಿಕೊಂಡಿದ್ದ ಅದೇ ಹುಡುಗ ಬೈಕಿನ ಮೇಲೆ ಕೂತಿದ್ದ. ಒಂದು ಗಳಿಗೆ ತಡೆದು ಕೇಳಿದ: "ಹಾಲು ಕರೆದದ್ದಾಯ್ತಾ?"

'ತ' ಅಂತ ಬರೆದುಕೊಂಡೆ.